ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಕಣದಿಂದ ಮನೆಗೆ ಎಳೆದ ನೆಟ್ ಕೇಬಲ್ ಕೈಕೊಟ್ಟಿದೆ, ಲಿನಕ್ಸ್ ಗೊತ್ತಿರುವವರು ನೋಡಿ

ಕಣದಮನೆ:
ನಮಸ್ಕಾರ. ನಮ್ಮ ಮನೆ ಕೊಡಗಿನ ಪೊನ್ನಂಪೇಟೆ ಕಡೆ, ತೋಟದ ತಗ್ಗಿನಲ್ಲಿ. ಮನೆಯೊಳಗೆ ಮೊಬೈಲ್ ಸಿಗ್ನಲ್ ಬರಲ್ಲ. ಮೇಲೆ ಕಾಫಿ ಕಣದ ಪಕ್ಕದ ಗೋಡೌನ್ ಕಿಟಕಿಯಲ್ಲಿ ಮಾತ್ರ 4ಜಿ ಚೆನ್ನಾಗಿ ಸಿಗುತ್ತದೆ.

ಮಗಳ ಓದಿಗೆ ಅಂತ ಮೈಸೂರಿನಿಂದ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್, ಐ5, 8 ಜಿಬಿ ರ‍್ಯಾಮ್ ತಂದು ಕಂಪ್ಯೂಟರ್ ಜೋಡಿಸಿದೆ. ಹೊಸದಾಗಿ ಕೊಂಡದ್ದು ಡೇಟಾ ಇಡುವ ಎಸ್‌ಎಸ್‌ಡಿ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಎರಡೇ. ಮೊದಲ ದಿನ ಬರೀ ಬೀಪ್ ಸದ್ದು. ರ‍್ಯಾಮ್ ತೆಗೆದು ನೋಡಿದರೆ ಚಿನ್ನದ ಬಣ್ಣದ ಹಲ್ಲುಗಳ ಮೇಲೆಲ್ಲ ಮಸುಕು. ಮಗಳ ಪೆನ್ಸಿಲ್ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಹಾಕಿದೆ. ಎದ್ದಿತು! ಲಿನಕ್ಸ್ ಮಿಂಟ್ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ, ಆರಾಮಾಗಿ ಓಡುತ್ತದೆ.

ನೆಟ್‌ಗೆ ಹೀಗೆ ಮಾಡಿದ್ದೇನೆ. ಗೋಡೌನ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್, ಅದರಲ್ಲೂ ಮಿಂಟ್. ಫೋನಿನ ನೆಟ್ ಅದಕ್ಕೆ ಯುಎಸ್‌ಬಿ ಟೆದರಿಂಗ್‌ನಲ್ಲಿ. ವೈರ್ಡ್ ಕನೆಕ್ಷನ್‌ನ ಐಪಿವಿ4 ಸೆಟ್ಟಿಂಗ್‌ನಲ್ಲಿ ‘ಶೇರ್ಡ್’ ಅಂತ ಕೊಟ್ಟೆ, ಅಂದರೆ ಆ ನೆಟ್ ಕೇಬಲ್ ಕಡೆಗೂ ಹಂಚುವ ಹಾಗೆ. ಅಲ್ಲಿಂದ ಮನೆಗೆ 80 ಮೀಟರ್ ಕೇಬಲ್, ಸಿಲ್ವರ್ ಓಕ್ ಮರಗಳಿಗೆ ಕಟ್ಟಿ ತಂದೆ. ಮನೆ ಕಂಪ್ಯೂಟರ್‌ಗೆ 10.42.0 ಅಂತ ಶುರುವಾಗುವ ಐಪಿ ವಿಳಾಸ ತಾನಾಗೇ ಸಿಕ್ಕಿತು. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ.

ಹೂಮಳೆ ಬಿದ್ದ ರಾತ್ರಿಯಿಂದ ಪೋರ್ಟಿನ ಲೈಟ್ ಬರುತ್ತದೆ, ಹೋಗುತ್ತದೆ. ಲಾಗ್‌ನಲ್ಲಿ ‘ಲಿಂಕ್ ಅಪ್, 1 ಜಿಬಿಪಿಎಸ್’, ಸ್ವಲ್ಪ ಹೊತ್ತಿಗೆ ‘ಡೌನ್’, ಮತ್ತೆ ‘ಅಪ್’. ಪೋರ್ಟ್ ಸುಟ್ಟಿತಾ, ಕೇಬಲ್ ಹೋಯಿತಾ? ಮುಂದಿನ ವಾರ ಮಗಳಿಗೆ ಆನ್‌ಲೈನ್ ಪರೀಕ್ಷೆ. ಅವಳು ಗೋಡೌನ್‌ನಲ್ಲಿ ಮೂಟೆಗಳ ಮಧ್ಯೆ ಕೂತು ಬರೆಯುವ ಹಾಗಾಗಬಾರದು ಅಂತ ನನ್ನ ಆಸೆ.

ತಂತಿಜೋಡಿ:
ಪೋರ್ಟ್ ಸುಟ್ಟಿರಲಿಕ್ಕಿಲ್ಲ ಅಣ್ಣ. 1 ಜಿಬಿಪಿಎಸ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು. ಆದರೆ ಸ್ಪೀಡ್ ಎಷ್ಟು ಅಂತ ಎರಡು ಕಡೆಯವರು ಮಾತಾಡಿಕೊಳ್ಳುವುದು 1, 2, 3, 6ನೇ ಪಿನ್‌ಗಳಲ್ಲೇ. ಅವು ಸರಿ ಇದ್ದು ನೀಲಿ ಅಥವಾ ಕಂದು ಜೋಡಿ ಕೆಟ್ಟಿದ್ದರೆ ಒಪ್ಪಂದ ಆಗುತ್ತದೆ, ಆದರೆ ಲಿಂಕ್ ಉಳಿಯುವುದಿಲ್ಲ. 100 ಎಂಬಿಪಿಎಸ್‌ಗೆ ಆ ನಾಲ್ಕು ತಂತಿ ಸಾಕು. ಇಥ್‌ಟೂಲ್ ಅನ್ನುವ ಲಿನಕ್ಸ್ ಕಮಾಂಡ್‌ನಲ್ಲಿ ‘ಅಡ್ವರ್ಟೈಸ್’ ಕೊಟ್ಟು 100 ಫುಲ್ ಡುಪ್ಲೆಕ್ಸ್ (ಎರಡೂ ದಿಕ್ಕಿಗೆ ಒಟ್ಟಿಗೆ ಡೇಟಾ) ಮಾತ್ರ ಉಳಿಸಿ. ಒಂದು ತುದಿಯಲ್ಲಿ ಮಾಡಿದರೆ ಸಾಕು. ಈ ಸ್ಪೀಡ್ ಮಾತುಕತೆ, ಅಂದರೆ ಆಟೋ ನೆಗೋಶಿಯೇಶನ್, ಮಾತ್ರ ಆಫ್ ಮಾಡಬೇಡಿ. ಮಾಡಿದರೆ ಇನ್ನೊಂದು ತುದಿ ಹಾಫ್ ಡುಪ್ಲೆಕ್ಸ್‌ಗೆ ಬಿದ್ದು ಎಲ್ಲ ನಿಧಾನ ಆಗುತ್ತದೆ.

ಗುಡುಗು:
ನನಗೆ ಭಯ ಆಗುತ್ತಿರುವುದು ಬೇರೆ ವಿಷಯಕ್ಕೆ. ಮರದಿಂದ ಮರಕ್ಕೆ 80 ಮೀಟರ್ ತಾಮ್ರ! ಹತ್ತಿರ ಎಲ್ಲಾದರೂ ಸಿಡಿಲು ಬಡಿದರೂ ಸಾಕು, ಆ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ಕಡೆ ಬೋರ್ಡ್ ಹೋಗುತ್ತದೆ. ಹೊತ್ತು ಕೆಟ್ಟರೆ ಕೀಬೋರ್ಡ್ ಮೇಲೆ ಕೈ ಇಟ್ಟವರಿಗೂ ಅಪಾಯ. ಫೈಬರ್ ಎಳೆಯಿರಿ, ಎರಡು ತುದಿಗೂ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ನೆಟ್ ಕೇಬಲ್ ಸಿಗ್ನಲ್‌ಗೆ ಬದಲಿಸುವ ಡಬ್ಬಿ) ಹಾಕಿ. ಗಾಜಿನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ. ಕೊಳ್ಳುವಾಗ ನೋಡಿ, ಕೆಲವು ಡ್ರಾಪ್ ಕೇಬಲ್‌ನಲ್ಲಿ ಆಧಾರಕ್ಕೆ ಸ್ಟೀಲ್ ತಂತಿ ಇರುತ್ತದೆ. ಅದು ಬೇಡ, ಲೋಹ ಇಲ್ಲದ್ದೇ ಕೇಳಿ.

ಕಣದಮನೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 100ಕ್ಕೆ ಇಳಿಸಿದ ಕೂಡಲೇ ಲೈಟ್ ಬಂದು ಹೋಗುವುದು ನಿಂತಿತು. ಆದರೆ ಸಂಜೆ ಮಳೆ ಬಂದಾಗ ಲಿಂಕ್ ಪರೀಕ್ಷಿಸಲು ಕಳಿಸಿದ ಪಿಂಗ್‌ಗೆ ಹತ್ತರಲ್ಲಿ ಮೂರು ನಾಲ್ಕು ಉತ್ತರ ಬರಲೇ ಇಲ್ಲ. ಬೆಳಗ್ಗೆ ಏಣಿ ಹಾಕಿ ಒಂದೊಂದೇ ಮರ ನೋಡುತ್ತಾ ಹೋದೆ. ಮೂರನೇ ಸಿಲ್ವರ್ ಮರದಲ್ಲಿ, ಮೆಣಸಿನ ಬಳ್ಳಿ ಹಬ್ಬಿದ ಕಡೆ, ಗಾಳಿಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದಿತ್ತು. ಒಳಗೆ ನೀಲಿ ಜೋಡಿ ತುಂಡು. ಹಸಿರು ಜೋಡಿಯ ತಾಮ್ರಕ್ಕೆ ಕಿಲುಬು ಹಿಡಿದು, ಬೆರಳಲ್ಲಿ ಮುಟ್ಟಿದರೆ ಪುಡಿ ಬರುತ್ತಿತ್ತು. ಕಿತ್ತಳೆ, ಕಂದು ಎರಡು ಮಾತ್ರ ಹೊಳೆಯುತ್ತಿದ್ದವು.

ಹಾಗಾಗಿ ಎರಡೂ ತುದಿಯ ಕನೆಕ್ಟರ್ ಕತ್ತರಿಸಿ, ಹಸಿರು ಜೋಡಿ ಇರಬೇಕಾದ 3 ಮತ್ತು 6ನೇ ಪಿನ್‌ಗೆ ಕಂದು ಜೋಡಿ ಕೊಟ್ಟು ಕ್ರಿಂಪ್ ಮಾಡಿದೆ. ಹರಿದ ಜಾಗಕ್ಕೆ ಟೇಪ್ ಸುತ್ತಿ, ಸೀಳಿದ ಹಳೇ ಹೋಸ್ ಪೈಪ್ ತೊಡಿಸಿದೆ. ಸ್ಪೀಡ್ ಅಳೆಯುವ ಐಪರ್ಫ್‌ನಲ್ಲಿ ಈಗ 94 ಎಂಬಿಪಿಎಸ್ ಬರುತ್ತಿದೆ. ನಿನ್ನೆ ಮಳೆಯಲ್ಲೇ ಒಂದು ಗಂಟೆ ಪಿಂಗ್ ಬಿಟ್ಟಿದ್ದೆ, ಒಂದೂ ತಪ್ಪಲಿಲ್ಲ.

ಸಿಡಿಲಿನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಲೋಹ ಇಲ್ಲದ ಫೈಬರ್ 100 ಮೀಟರ್, ಕನ್ವರ್ಟರ್ ಒಂದು ಜೊತೆ ಆರ್ಡರ್ ಮಾಡಿದ್ದೇನೆ. ಬರುವ ತನಕ ಮೋಡ ಕಟ್ಟಿದರೆ ಮನೆ ತುದಿ ಮಗಳು ಕೀಳುತ್ತಾಳೆ, ಗೋಡೌನ್ ತುದಿ ನಾನು.