ಅಪ್ಪನ ಮನೆ ಪಾಲು: ಪಾಲುದಾರರು ನಾಲ್ವರೋ ಆರು ಜನರೋ?

ಪ್ರಶ್ನೆ: ದಾವಣಗೆರೆಯಲ್ಲಿ 30×40 ಸೈಟಿನಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ. ಕೆಳಗೆ ಅಮ್ಮ, ಅಣ್ಣ. ಮೇಲಿನ ಮಹಡಿ ಬಾಡಿಗೆಗೆ. ಅಪ್ಪ 2016ರಲ್ಲಿ ತೀರಿಕೊಂಡರು, ಉಯಿಲಿಲ್ಲ. ಅಜ್ಜ ಮೊದಲೇ ಹೋಗಿದ್ದರು. ಅಪ್ಪನ ತಾಯಿ 2018ರಲ್ಲಿ ಹೋದರು. ಚಿಕ್ಕಪ್ಪ, ಅತ್ತೆ ಇದ್ದಾರೆ. ಅಕ್ಕನಿಂದ 100 ರೂಪಾಯಿ ಛಾಪಾ ಕಾಗದದ ಮೇಲೆ ‘ಪಾಲು ಬೇಡ’ ಎಂದು ಬರೆಸಿಕೊಂಡು ಅಣ್ಣ ಖಾತೆ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ. ಈಗ ಮಾರುವ ಮಾತಾಡುತ್ತಿದ್ದಾನೆ. ತಿಳಿದವರು ದಾರಿ ಹೇಳಿ.

ಸಿವಿಲ್ ವಕೀಲರು: ಮೊದಲು ತಲೆ ಎಣಿಸಿ. ನೀವು ನಾಲ್ಕೇ ಜನ ಅಂದುಕೊಂಡಿದ್ದೀರಿ, ಪಾಲುದಾರರು ಆರು ಜನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಕ್ಕಳ ಜೊತೆ ತೀರಿಕೊಂಡವನ ತಾಯಿಯೂ ಮೊದಲ ದರ್ಜೆಯ ವಾರಸುದಾರಳು. ಹಾಗಾಗಿ 2016ರಲ್ಲೇ ಮನೆ ಐದು ಪಾಲಾಯಿತು. ಅಜ್ಜಿಯೂ ಉಯಿಲು ಬರೆದಿಲ್ಲ ಎಂದಾದರೆ ಅವರ ಪಾಲು ಮೂರಾಗುತ್ತದೆ: ಚಿಕ್ಕಪ್ಪನಿಗೊಂದು, ಅತ್ತೆಗೊಂದು, ನಿಮ್ಮಪ್ಪನ ಲೆಕ್ಕದ್ದು ಮಕ್ಕಳಾದ ನಿಮ್ಮ ಮೂವರಿಗೆ. ಅದರಲ್ಲಿ ಅಮ್ಮನಿಗೆ ಬರುವುದಿಲ್ಲ. ಇಡೀ ಮನೆಯನ್ನು 45 ಭಾಗ ಎಂದಿಟ್ಟುಕೊಂಡರೆ ಅಮ್ಮ 9, ನೀವು ಮೂವರು ತಲಾ 10, ಚಿಕ್ಕಪ್ಪ 3, ಅತ್ತೆ 3. ಈ ಇಬ್ಬರ ಸಹಿ ಇಲ್ಲದ ಪಾಲುಪಟ್ಟಿ ಇವತ್ತು ನಡೆದೀತು. ಮುಂದೆ ಮಾರುವಾಗ ಬ್ಯಾಂಕಿನ ವಕೀಲರು ವಂಶವೃಕ್ಷ ಕೇಳಿದ ದಿನ ನಿಲ್ಲುತ್ತದೆ.

ಅಂದಹಾಗೆ, ಮಗಳ ಹಕ್ಕು ಎಂದರೆ ಎಲ್ಲರೂ ಈ ಕಾಯ್ದೆಯ 2005ರ ತಿದ್ದುಪಡಿಯನ್ನೇ ಹೇಳುತ್ತಾರೆ. ಅದು ಪಿತ್ರಾರ್ಜಿತ ಆಸ್ತಿಯ ಮಾತು. ಅಪ್ಪನ ಸ್ವಯಾರ್ಜಿತದಲ್ಲಿ ಮಗಳಿಗೆ 1956ರಿಂದಲೇ ಸಮಪಾಲು.

ಪತ್ರ ಬರಹಗಾರರು: ಅಕ್ಕನ ಛಾಪಾ ಕಾಗದ ನೋಂದಣಿಯಾಗಿಲ್ಲ ಎಂದರೆ ಅವರ ಹಕ್ಕು ಹೋಗಿಲ್ಲ. ನೋಟರಿ ಮೊಹರಿದ್ದರೂ ಅಷ್ಟೇ. ಹಕ್ಕು ಬಿಡುಗಡೆ ಪತ್ರ ಸಬ್‌ರಿಜಿಸ್ಟ್ರಾರ್ ಮುಂದೆಯೇ ಆಗಬೇಕು. ಕಾವೇರಿ ಪೋರ್ಟಲ್‌ನಲ್ಲಿ ಅಪ್ಪ ಕೊಂಡ ವರ್ಷದಿಂದ ಇವತ್ತಿನವರೆಗೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಯಾವ ಪತ್ರ ಆಗಿದೆ ಎಂದು ನೋಡಿಕೊಳ್ಳಿ.

ಚಿಕ್ಕಪ್ಪ, ಅತ್ತೆ ಬಿಟ್ಟುಕೊಡಲು ಒಪ್ಪಿದರೆ ‘ಯಾರ ಹಕ್ಕಿಗೆ’ ಎಂಬ ಸಾಲನ್ನು ಎರಡು ಸಲ ಓದಿ. ಅಣ್ಣನ ಹೆಸರೊಂದೇ ಇದ್ದರೆ ಅವರ 6 ಭಾಗವೂ ಅಣ್ಣನಿಗೇ ಸೇರುತ್ತದೆ. ದುಡ್ಡು ತಗೊಂಡು ಬಿಡುವುದಾದರೆ ಡಿಡಿ ನಂಬರು, ತಾರೀಖು, ಮೊತ್ತ ಪತ್ರದೊಳಗೇ ಬರಬೇಕು; ‘ಆಮೇಲೆ ಕೊಡ್ತೀನಿ’ ಎಂಬ ಮಾತಿಗೆ ಹೆಬ್ಬೆಟ್ಟು ಒತ್ತಬೇಡಿ.

ನಿವೃತ್ತ ಪಾಲಿಕೆ ನೌಕರರು: ಖಾತೆ ತೆರಿಗೆ ಕಟ್ಟುವ ದಾಖಲೆ, ಮಾಲೀಕತ್ವ ಅಲ್ಲ. ಆದರೂ ಸುಮ್ಮನಿರಬೇಡಿ. ಕಂದಾಯ ಶಾಖೆಗೆ ಲಿಖಿತ ತಕರಾರು ಕೊಡಿ, ಜೊತೆಗೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಇಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಂಶವೃಕ್ಷ ಎರಡು ಬೇಕು: ಅಪ್ಪನದೊಂದು, ಅಜ್ಜಿಯದೊಂದು. ಅಪ್ಪನದರಲ್ಲಿ ಚಿಕ್ಕಪ್ಪ, ಅತ್ತೆ ಕಾಣುವುದಿಲ್ಲ. ಲೆಕ್ಕ ತಪ್ಪುವುದೇ ಅಲ್ಲಿ.

ಪ್ರಶ್ನೆ ಕೇಳಿದವರು: ಅಣ್ಣ ಕೂತು ಮಾತಾಡಲಿಕ್ಕೇ ಒಪ್ಪದಿದ್ದರೆ?

ಸಿವಿಲ್ ವಕೀಲರು: ನೋಟಿಸು ಕೊಟ್ಟು ಪಾಲಿನ ದಾವೆ. ಆರೂ ಜನ ಪಕ್ಷಗಾರರಾಗಿರಲಿ; ಒಬ್ಬರನ್ನು ಬಿಟ್ಟರೂ ತಕರಾರು ಬರುತ್ತದೆ. ಜೊತೆಗೇ ಮನೆಯನ್ನು ಪರಭಾರೆ (ಬೇರೆಯವರಿಗೆ ವರ್ಗಾವಣೆ) ಮಾಡದಂತೆ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ದಾವೆ ನಡೆಯುವಾಗ ಕೊಂಡವನೂ ತೀರ್ಪಿಗೆ ಬದ್ಧ. ಅಣ್ಣ ಮಾರಬಹುದಾದದ್ದು ತನ್ನ 10 ಭಾಗ ಮಾತ್ರ. ಕುಟುಂಬ ವಾಸವಿರುವ ಮನೆಯಲ್ಲಿ ಹೊರಗಿನ ಕೊಳ್ಳುಗ ಜಂಟಿಯಾಗಿ ಬಂದು ಕೂರಲು ಬರುವುದಿಲ್ಲ. ಜಂಟಿ ಸ್ವಾಧೀನದಲ್ಲಿದ್ದರೆ ಕೋರ್ಟ್ ಶುಲ್ಕ 200 ರೂಪಾಯಿ. ನಿಮ್ಮನ್ನು ಹೊರಹಾಕಿದ್ದಾರೆ ಎಂದಾದರೆ ಪಾಲಿನ ಬೆಲೆಯ ಮೇಲೆ ಲೆಕ್ಕ. ಕೆಲಸಕ್ಕೆಂದು ಬೇರೆ ಊರಲ್ಲಿರುವುದು ಹೊರಹಾಕಿದಂತಲ್ಲ, ದಾವಾಪತ್ರದಲ್ಲಿ ಆ ಪದ ಸುಮ್ಮನೆ ಸೇರದಂತೆ ನೋಡಿಕೊಳ್ಳಿ. ಮೊದಲು ಯಾರ ಪಾಲೆಷ್ಟು ಎಂದು ಹೇಳುವ ಪ್ರಾಥಮಿಕ ಡಿಕ್ರಿ, ಆಮೇಲೆ ಕೋರ್ಟ್ ನೇಮಿಸಿದ ಕಮಿಷನರ್ ಬಂದು ಅಳೆಯುತ್ತಾರೆ. 1,200 ಚದರಡಿಯನ್ನು ಆರು ಪಾಲು ಮಾಡಲಾಗದು. ಕೊನೆಗೆ ಒಬ್ಬರು ಕೊಳ್ಳಬೇಕು, ಇಲ್ಲವೇ ಮಾರಿ ಹಂಚಬೇಕು. ಅದನ್ನು ರಾಜಿಯಲ್ಲಿ ಈಗಲೇ ಮಾಡಿಕೊಂಡರೆ ವರ್ಷಗಟ್ಟಲೆ ಅಲೆದಾಟ ಉಳಿಯುತ್ತದೆ.

ಪತ್ರ ಬರಹಗಾರರು: ಮಹಡಿವಾರು ಪಾಲು ಮಾಡಿಕೊಂಡರೆ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಅಷ್ಟೇ ಬರೆದು ಮುಗಿಸಬೇಡಿ. ಮೆಟ್ಟಿಲು, ಸಂಪು, ಕರೆಂಟ್ ಮೀಟರು ಯಾರಿಗೆ, ತಾರಸಿ ಮೇಲೆ ಮುಂದೆ ಕಟ್ಟುವ ಹಕ್ಕು ಯಾರದು, ಅಮ್ಮ ಬದುಕಿರುವವರೆಗೆ ಯಾವ ಕೋಣೆಯಲ್ಲಿರುತ್ತಾರೆ, ಎಲ್ಲವನ್ನೂ ಬರೆಸಿ. ಪಾಲಾದ ಮನೆಗಳಲ್ಲಿ ಎರಡನೇ ಜಗಳ ಹುಟ್ಟುವುದು ತಾರಸಿಯಿಂದಲೇ.