ಅಂಬಾಸಿಡರ್ ಮಾರ್ಕ್ 3: ಡಿಸ್ಟ್ರಿಬ್ಯೂಟರ್ ಜೋಡಿಸಿದ ಮೇಲೆ ಬಿಸಿಯಾದರೆ ಆಫ್ ಆಗ್ತಿದೆ

ಹಾಸನದ ಅಂಬಿ:
ಎಲ್ಲರಿಗೂ ನಮಸ್ಕಾರ. ಕಾರು 1978ರ ಮಾರ್ಕ್ 3, 1489 ಸಿಸಿ ಪೆಟ್ರೋಲ್, ಲ್ಯೂಕಾಸ್ ಟಿವಿಎಸ್ ಡಿಸ್ಟ್ರಿಬ್ಯೂಟರ್ (ನಾಲ್ಕು ಪ್ಲಗ್ಗಿಗೂ ಸರದಿ ಪ್ರಕಾರ ಕಿಡಿ ಹಂಚೋದು). ಅಪ್ಪನ ಕಾಲದ್ದು. ಡಿಸ್ಟ್ರಿಬ್ಯೂಟರ್ ಶಾಫ್ಟ್ ಅಲುಗಾಡ್ತಿತ್ತು ಅಂತ ಲೇತ್ ಅಂಗಡೀಲಿ ಬುಷ್ ಹಾಕಿಸಿದೆ. ಪಾಯಿಂಟ್ (ಕೂಡಿ ಬಿಟ್ಟು ಕಾಯಿಲ್‌ನಿಂದ ಕಿಡಿ ಎಬ್ಬಿಸೋ ಸ್ವಿಚ್), ಅದರ ಕಂಡೆನ್ಸರ್, ಕ್ಯಾಪಿನೊಳಗೆ ತಿರುಗಿ ಕಿಡಿ ಹಂಚೋ ರೋಟರ್, ಕ್ಯಾಪ್ ಎಲ್ಲಾ ಹೊಸದು. ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು) ಇಟ್ಟು, ಪಾಯಿಂಟ್ ತೆರೆದಾಗ ಹತ್ತೋ ಹಾಗೆ ಬಲ್ಬ್ ಕಟ್ಟಿ ಟೈಮಿಂಗ್ (ಕಿಡಿ ಹಾರೋ ಸಮಯ) ಕೂಡಿಸಿದ್ದೀನಿ.

ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಸೆಲ್ಫಿಗೆ ಸ್ಟಾರ್ಟ್. ಸಕಲೇಶಪುರದ ಕಡೆ ಹೊರಟರೆ ಆಲೂರು ದಾಟೋದ್ರೊಳಗೆ ಸ್ವಿಚ್ ಆಫ್ ಮಾಡಿದ ಹಾಗೆ ನಿಂತುಬಿಡುತ್ತೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಇನ್ನೊಂದು, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದಾಗ ಜರ್ಕ್ ಹೊಡೆಯುತ್ತೆ, ಇದು ತಣ್ಣಗಿದ್ದಾಗಲೂ ಇದೆ. ಜೊತೆಗೆ, ಮೊದಲು ಕ್ಯಾಪಿನಲ್ಲಿ 4ನೇ ಪ್ಲಗ್ ವೈರ್ ಇದ್ದ ಜಾಗಕ್ಕೆ ಈಗ 1ನೇದು ಹಾಕಿದರೇನೇ ಎಂಜಿನ್ ಓಡೋದು. ಯಾಕೆ ಅಂತ ಗೊತ್ತಾಗ್ತಿಲ್ಲ.

ಕಾರ್ಬ್ ಪ್ರಿಯ:
ಬಿಸಿಯಾದಾಗ ನಿಲ್ಲೋದು ಅಂದ್ರೆ ಪೆಟ್ರೋಲ್ ಆವಿಯಾಗಿ ವೇಪರ್ ಲಾಕ್ ಆಗ್ತಿರಬಹುದು. ಫ್ಯೂಯಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ. ಇಲ್ಲಾಂದ್ರೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಬಿಡಿ, ಪಾಯಿಂಟಿನ ಸಹವಾಸವೇ ಬೇಡ.

ಹಾಸನದ ಅಂಬಿ:
ಒದ್ದೆ ಬಟ್ಟೆ ಹಾಕಿ ನೋಡಿದ್ದೀನಿ ಸಾರ್, ಏನೂ ವ್ಯತ್ಯಾಸ ಇಲ್ಲ. ನಿಂತ ಕೂಡಲೇ ಪ್ಲಗ್ ಬಿಚ್ಚಿದರೆ ಪೆಟ್ರೋಲ್ ವಾಸನೆ, ತುದಿ ಒದ್ದೆ.

ಹುಬ್ಬಳ್ಳಿ ಕಾಕಾ:
ಪ್ಲಗ್ ಒದ್ದಿ ಐತಿ ಅಂದ್ರ ಪೆಟ್ರೋಲ್ ಬರಾಕತ್ತೈತಿ, ಕಿಡಿ ಇಲ್ಲ. ಕಿಟ್ ಹಾಕ್ರಿ ಅನ್ನಾವ್ರಿಗೆ ಒಂದ ಮಾತು: ಕಿಟ್ ಹಾಕಿದ ಮ್ಯಾಲೂ ತಿರಗೂದು ಅದ ರೋಟರ್, ಅದ ಕ್ಯಾಪ್ ಅಲ್ಲೇನ್ರಿ?

ತಮ್ಮಾ, ನಿಮ್ಮ ಗಾಡಿಗೆ ಎರಡು ಬ್ಯಾರೆ ಬ್ಯಾರೆ ಜಡ್ಡು ಅದಾವು. ಎರಡಕ್ಕೂ ಒಂದ ಕಾರಣ ಹುಡುಕ್ಕೋತ ಕುಂತ್ರ ಎರಡೂ ಸಿಗೂದಿಲ್ಲ.

ಮೊದಲ ಬಂದ್ ಬೀಳೂದು ನೋಡೂಣು. ಗಾಡಿ ನಿಂತ ತಕ್ಷಣ, ಆರೂಕ್ಕಿಂತ ಮೊದಲ ಚೆಕ್ ಮಾಡ್ರಿ. ಆರಿದ ಮ್ಯಾಲೆ ಎಲ್ಲಾ ಸರಿ ಇದ್ದಂಗ ಕಾಣ್ತೈತಿ. ಕ್ಯಾಪ್ ತಗೀರಿ, ಪಾಯಿಂಟ್ ಕೂಡಿರೋ ಹಂಗ ಎಂಜಿನ್ ತಿರುವಿ ನಿಲ್ಲಸ್ರಿ, ಇಗ್ನಿಷನ್ ಆನ್ ಮಾಡ್ರಿ. ಕಾಯಿಲ್‌ನಿಂದ ಕ್ಯಾಪಿನ ನಡುವಕ್ಕ ಬರ್ತೈತಲ್ಲ, ಆ ವೈರಿನ ತುದಿ ಬ್ಲಾಕಿನಿಂದ ಕಾಲಿಂಚು ದೂರ ಹಿಡೀರಿ. ಒಣ ಅರಿವಿ ದಪ್ಪಗೆ ಸುತ್ತಿ ಹಿಡೀರಿ, ಇಲ್ಲಾಂದ್ರ ಮೊಣಕೈ ತನಕ ಹೊಡೀತೈತಿ. ಒಂದು ಕಟಗಿ ಕಡ್ಡಿಲೆ ಪಾಯಿಂಟ್ ತಗದು ತಗದು ಬಿಡ್ರಿ. ಸ್ಕ್ರೂ ಡ್ರೈವರ್ ಬ್ಯಾಡ, ಬೇಸ್ ಪ್ಲೇಟಿಗೆ ತಾಗಿದ್ರ ಅರ್ಥ್ ಆಗ್ತೈತಿ. ನೀಲಿ ಕಿಡಿ ಚಟ್ ಚಟ್ ಅಂತ ಹಾರಿದ್ರ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರೂ ಪಾರು. ವೈರಿನ ತುದ್ಯಾಗ ಸೊರಗಿದ ಹಳದಿ ಕಿಡಿ, ಪಾಯಿಂಟಿನ ನಡುವ ಮಾತ್ರ ದೊಡ್ಡ ಕಿಡಿ ಕಂಡ್ರ ಕಂಡೆನ್ಸರ್ ಹೋಗೈತಿ.

ಕಿಡಿ ಚಲೋ ಬಂತಂದ್ರ ಅಲ್ಲಿಗೆ ನಿಂದರಬ್ಯಾಡ್ರಿ. ಅದ ವೈರಿನ ತುದಿ ಈಗ ರೋಟರ್ ಮ್ಯಾಲಿನ ಹಿತ್ತಾಳಿ ಪಟ್ಟಿಗೆ 3 ಮಿ.ಮೀ. ಅಂತರದಾಗ ಹಿಡದು ಮತ್ತ ಪಾಯಿಂಟ್ ತಗೀರಿ. ಕ್ಯಾಪ್ ಇಲ್ಲ, ಕರೆಂಟಿಗೆ ಮುಂದ ಹೋಗಾಕ ದಾರಿ ಇರಬಾರದು. ಆದ್ರೂ ಕಿಡಿ ಹಾರಾಕತ್ತೈತಿ ಅಂದ್ರ ಅದು ರೋಟರ್ ಒಳಗಿಂದ ಇಳದು ಶಾಫ್ಟಿಗೆ ಹೊಂಟೈತಿ. ಎಷ್ಟೋ ರೋಟರಿನಾಗ ಹಿತ್ತಾಳಿ ಪಟ್ಟಿಗೆ ರಿವೆಟ್ ಹೊಡದಿರ್ತಾರ. ರಿವೆಟ್ಟಿಗೂ ಕೆಳಗಿನ ಶಾಫ್ಟಿಗೂ ನಡುವ ತೆಳ್ಳನ ಪ್ಲಾಸ್ಟಿಕ್ ಅಷ್ಟ ಉಳದಿರ್ತೈತಿ. ಬಿಸಿ ಆದಾಗ ಅಲ್ಲೇ ಸೋರ್ತೈತಿ. ಹೊಸಾ ಡಬ್ಬಿಯಿಂದ ತಗದದ್ದು ಅಂತ ಅದರ ಮ್ಯಾಲೆ ನಂಬಿಕಿ ಇಡಬ್ಯಾಡ್ರಿ. ಹಳೇ ರೋಟರ್ ಒಗದಿಲ್ಲಲ್ಲ?

ಇನ್ನ ಜರ್ಕ್. ಎಂಜಿನ್ ಐಡಲಿನಾಗ ಇಟ್ಟು, ಡಿಸ್ಟ್ರಿಬ್ಯೂಟರಿಗೆ ಹೋಗೋ ವ್ಯಾಕ್ಯೂಮ್ ಪೈಪ್ ಕಾರ್ಬ್ಯುರೇಟರ್ ಕಡೆ ಬಿಚ್ಚಿ ಬಾಯಿಲೆ ಎಳೀರಿ. ಒಳಗ ಪಾಯಿಂಟ್ ಕುಂತಿರೋ ಪ್ಲೇಟ್ ತಿರುಗಿ ಎಂಜಿನ್ ಸ್ವಲ್ಪ ಏರಬೇಕು. ಏರೂ ಬದ್ಲಿ ಮಿಸ್ ಹೊಡದ್ರ, ಪ್ಲೇಟಿನ ಜೋಡಿ ಅಲುಗ್ಯಾಡೋ ಎರಡು ವೈರ್ ನೋಡ್ರಿ: ಕಾಯಿಲ್ ಕಡೆಯಿಂದ ಬರೋ ಸಣ್ಣದು, ಪ್ಲೇಟಿನಿಂದ ಬಾಡಿಗೆ ಹೋಗೋ ಹೆಣೆದ ಅರ್ಥ್ ವೈರ್. ಮ್ಯಾಲೆ ಸಿಪ್ಪಿ ಗಟ್ಟಿ ಇದ್ರೂ ಒಳಗ ಎಳಿ ಹರದಿರ್ತಾವು. ಬೆರಳಿನಾಗ ಹಿಡದು ಜಗ್ಗಿದ್ರ ಹರದ ಜಾಗಾ ರಬ್ಬರಿನಂಗ ಉದ್ದ ಆಗ್ತೈತಿ. ಬದಲಿ ಹಾಕೂವಾಗ ಮನಿ ವೈರಿಂಗಿನ ಒಂಟಿ ತಂತಿ ತುರುಕಬ್ಯಾಡ್ರಿ, ಭಾಳ ಎಳಿ ಇರೋ ಮೆತ್ತನ ವೈರ ಬೇಕು.

1 ಮತ್ತ 4 ಅದಲು ಬದಲು ಆಗಿದ್ದು ಲೇತಿನವರ ಕೆಲಸ. ಶಾಫ್ಟಿನ ಕೆಳಗ ಪಿನ್ ಹೊಡದ ಡಾಗ್, ಅಂದ್ರ ಎಂಜಿನ್‌ಗೆ ಸಿಕ್ಕೊಳ್ಳೋ ತುಂಡು, ಇರ್ತೈತಿ, ಅದರ ಹಲ್ಲು ನಟ್ಟ ನಡುವ ಇರೂದಿಲ್ಲ, ಒಂದ ಬದಿಗೆ ಸರದಿರ್ತೈತಿ. ಬುಷ್ ಹಾಕಿ ಅದನ್ನ ಉಲ್ಟಾ ಕೂಡಿಸ್ಯಾರ. ಫೈರಿಂಗ್ ಆರ್ಡರ್ 1-3-4-2, ಅಂದ್ರ 1ರ ಎದುರಿಗೆ 4, 3ರ ಎದುರಿಗೆ 2. ವೈರ್ ನಾಲ್ಕೂ ಎದುರಿನ ಜಾಗಕ್ಕ ಅದಲು ಬದಲು ಮಾಡಿದ್ರ ಗಾಡಿ ಆರಾಮ ಓಡ್ತೈತಿ. ನಾನಾದ್ರ ಪಿನ್ ತಗದು ತಿರುವಿ ಹಾಕ್ತೀನಿ, ನಾಳೆ ಮತ್ತೊಬ್ಬ ಮೆಕ್ಯಾನಿಕ್ ಬಾನೆಟ್ ತಗದು ತಲಿ ಕೆರಕೋಬಾರದು ನೋಡ್ರಿ. ಹಂಗ ಪ್ಲೇಟಿನ ಕೆಳಗ, ಸ್ಪೀಡ್ ಏರಿದಂಗ ಟೈಮಿಂಗ್ ಮುಂದ ಒಯ್ಯೋ ವೇಟಿನ ಸ್ಪ್ರಿಂಗೂ ನೋಡ್ರಿ. ಒಂದು ತೆಳು, ಒಂದು ದಪ್ಪ. ದಪ್ಪಂದು ಸಡಿಲ ಇರೂದ ಬರೋಬ್ಬರಿ, ಅದನ್ನ ಬಿಗಿ ಮಾಡಾಕ ಹೋಗಬ್ಯಾಡ್ರಿ.

ಕುಡ್ಲ ಫಿಯಟ್:
ಮಧ್ಯೆ ಬಂದದ್ದಕ್ಕೆ ಬೇಜಾರು ಮಾಡ್ಬೇಡಿ ಕಾಕಾ. ನಮ್ಮ ಗ್ಯಾರೇಜಿಗೆ ಬಂದ ಅಂಬಾಸಿಡರಿಗೂ ಯಾರೋ ಹೊಸ ಪಾಯಿಂಟ್ ಹಾಕಿದ್ದಾರೆ, ಕಿಡಿಯೇ ಇಲ್ಲ. ಬಲ್ಬ್ ಕಟ್ಟಿದರೆ ಪಾಯಿಂಟ್ ತೆರೆದಾಗಲೂ ಹತ್ತುವುದಿಲ್ಲ.

ಹುಬ್ಬಳ್ಳಿ ಕಾಕಾ:
ಪಾಯಿಂಟ್ ಕಂಬದ ನೈಲಾನ್ ಬುಷ್ ನೋಡ್ರಿ. ಕಂಡೆನ್ಸರ್ ವೈರು, ಕಾಯಿಲ್ ವೈರು, ಪಾಯಿಂಟಿನ ಸ್ಪ್ರಿಂಗು ಮೂರೂ ಒಂದಕ್ಕೊಂದು ತಾಗಬೇಕು, ಕಂಬಕ್ಕ ತಾಗಬಾರದು. ಬುಷ್ ತಲಿಕೆಳಗ ಹಾಕಿದ್ರ ಕಾಯಂ ಅರ್ಥ್.

ಹಾಸನದ ಅಂಬಿ:
ಕಾಕಾ, ನೀವು ಹೇಳಿದ ಹಾಗೇ ಆಲೂರಿನ ಹತ್ತಿರ ನಿಂತ ಜಾಗದಲ್ಲೇ ನೋಡಿದೆ. ಬ್ಲಾಕಿಗೆ ಹಿಡಿದರೆ ದಪ್ಪ ನೀಲಿ ಕಿಡಿ. ರೋಟರಿಗೆ ಹಿಡಿದರೂ ಟಪ್ ಟಪ್ ಅಂತ ಹಾರ್ತಿತ್ತು! ಮಗ ಡಿಕ್ಕಿಯಿಂದ ಹಳೇ ರೋಟರ್ ತಂದುಕೊಟ್ಟ, ತುದಿ ಕೆರೆದು ಹಾಕಿದೆ, ಆ ರೋಟರಿಗೆ ಹಿಡಿದರೆ ಕಿಡಿ ಹಾರಲೇ ಇಲ್ಲ. ಅಲ್ಲಿಂದ ಸೀದಾ ಸಕಲೇಶಪುರಕ್ಕೆ ಹೋಗಿ ವಾಪಸ್ ಮನೆಗೆ ಬಂದ್ವಿ, ಎಲ್ಲೂ ನಿಲ್ಲಲಿಲ್ಲ.

ಜರ್ಕಿಗೆ ವ್ಯಾಕ್ಯೂಮ್ ಎಳೆದಾಗ ಎಂಜಿನ್ ಮಿಸ್ ಹೊಡೀತು. ಅರ್ಥ್ ವೈರ್ ಟ್ಯಾಗಿನ ಹತ್ತಿರ ಎರಡೇ ಎಳೆ ಮೇಲೆ ನಿಂತಿತ್ತು. ಮೆತ್ತನೆ ವೈರ್ ಬೆಸುಗೆ ಹಾಕಿಸಿದ್ದೀನಿ, ಈಗ ಜರ್ಕ್ ಇಲ್ಲ. ಡಾಗ್ ತಿರುಗಿಸೋಕೆ ಮತ್ತೆ ಲೇತ್ ಅಂಗಡಿಗೆ ಹೋಗೋ ಧೈರ್ಯ ಇಲ್ಲ, ಕ್ಯಾಪಿನ ಮೇಲೆ ಪೇಂಟಲ್ಲಿ ನಂಬರ್ ಬರೆದಿದ್ದೀನಿ.

ಹುಬ್ಬಳ್ಳಿ ಕಾಕಾ:
ಪೇಂಟ್ ನಡೀತೈತಿ ಬಿಡ್ರಿ. ಹೊಸಾ ಪಾಯಿಂಟಿನ ಹೀಲ್ (ಶಾಫ್ಟಿನ ಕ್ಯಾಮಿಗೆ ಉಜ್ಜೋ ತುದಿ) ಮೊದಮೊದಲ ಸವದು ಕುಂದರ್ತೈತಿ, ಗ್ಯಾಪ್ ಸಣ್ಣದಾಗಿ ಟೈಮಿಂಗ್ ಹಿಂದ ಬೀಳ್ತೈತಿ. 500 ಕಿ.ಮೀ. ಆದ ಮ್ಯಾಲೆ ಫೀಲರ್ ಗೇಜ್ ಹಾಕಿ ನೋಡ್ರಿ. ಕ್ಯಾಮಿಗೆ ಗ್ರೀಸ್ ಅಕ್ಕಿಕಾಳಿನಷ್ಟ ಸಾಕು, ಜಾಸ್ತಿ ಬಡದ್ರ ಹಾರಿ ಪಾಯಿಂಟಿಗೆ ಬೀಳ್ತೈತಿ.