ತಮ್ಮನಿಗೆ ಯುದ್ಧದ ಡ್ರೋನ್ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಸೇರು ಅನ್ನಲಾ, ಬೇಡ ಅನ್ನಲಾ?

ಗದ್ದೆ ಡ್ರೋನ್, ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲೂಕಿನವಳು. ಸ್ವಸಹಾಯ ಸಂಘದ ಕಡೆಯಿಂದ ತರಬೇತಿ ಪಡೆದು ಭತ್ತದ ಗದ್ದೆಗಳಿಗೆ ಡ್ರೋನ್‌ನಲ್ಲಿ ಎಣ್ಣೆ ಹೊಡೆಯುತ್ತೇನೆ. ಹತ್ತು ಲೀಟರ್ ಟ್ಯಾಂಕು, ಒಂದು ಎಕರೆಗೆ ಹತ್ತು ನಿಮಿಷ ಸಾಕು. ಡ್ರೋನ್ ಕಂಡರೆ ನನಗೆ ಭಯ ಇಲ್ಲ, ಅದೇ ನನ್ನ ಅನ್ನ. ಇದನ್ನು ಮೊದಲೇ ಹೇಳಿಬಿಡ್ತೀನಿ.

ನನ್ನ ತಮ್ಮ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಾನೆ. ಸೈನ್ಯಕ್ಕೆ ಡ್ರೋನ್ ಮಾಡಿಕೊಡುವ ಒಂದು ಕಂಪನಿ ಅವನನ್ನು ಕರೆದಿದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಇದು ಮನುಷ್ಯ, ಇದು ಗಾಡಿ, ಇವನ ಹತ್ತಿರ ಬಂದೂಕು ಇದೆ ಅಂತ ಕಂಪ್ಯೂಟರಿಗೆ ಕಲಿಸುವ ಕೆಲಸ. ಸಂಬಳ ಒಳ್ಳೆಯದು. ಮನೇಲಿ ಸಾಲ ಇದೆ. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಮೊನ್ನೆ ತಮ್ಮ ಅಭ್ಯಾಸಕ್ಕೆ ಅಂತ ಇಳಿಸಿಕೊಂಡಿದ್ದ ಚಿತ್ರಗಳನ್ನು ತೋರಿಸಿದ. ರಾತ್ರಿ ಕ್ಯಾಮೆರಾದ ಚಿತ್ರ. ಬಿಸಿ ಇರೋದೆಲ್ಲ ಬೆಳ್ಳಗೆ, ಉಳಿದದ್ದು ಬೂದಿ ಬಣ್ಣ. ಮುಖ ಇಲ್ಲ, ಬಟ್ಟೆ ಗೊತ್ತಾಗಲ್ಲ. ಬೆಳ್ಳನೆಯ ಒಬ್ಬ ಮನುಷ್ಯ ನಡೀತಿದ್ದಾನೆ, ಹೆಗಲ ಮೇಲೆ ಉದ್ದನೆಯದು ಏನೋ ಇದೆ. "ಇವನು ನೀರು ಕಟ್ಟೋಕೆ ಹೊರಟಿದ್ದಾನೆ" ಅಂದೆ. "ಇಲ್ಲಕ್ಕಾ, ಇದಕ್ಕೆ ಬಂದೂಕು ಅಂತ ಗುರುತು ಹಾಕಿದ್ದಾರೆ" ಅಂದ.

ಅಲ್ಲಿಂದ ನನಗೆ ಸಮಾಧಾನ ಇಲ್ಲ. ನಮ್ಮ ಎಡದಂಡೆ ಕಾಲುವೆಯ ನೀರು ರಾತ್ರಿ ಪಾಳಿಗೆ ಬಂದರೆ ಗಂಡಸರೆಲ್ಲ ಹೆಗಲಿಗೆ ಸಲಿಕೆ ಹಾಕಿಕೊಂಡೇ ಹೋಗೋದು. ತೂಬಿನ ಹತ್ತಿರ ಬಗ್ಗಿ ಕೂತಿರ್ತಾರೆ. ಪಾಳಿ ಯಾರದು ಅಂತ ನಾಲ್ಕು ಜನ ಸೇರಿ ಜಗಳ ಆಡ್ತಿರ್ತಾರೆ. ಮೇಲಿನಿಂದ ನೋಡುವ ಯಂತ್ರಕ್ಕೆ ಇವರು ಯಾರ ಹಾಗೆ ಕಾಣ್ತಾರೆ?

ಕಾಬೂಲಿನಲ್ಲಿ 2021ರ ಆಗಸ್ಟ್ 29ರಂದು ಹೀಗೇ ಆಯಿತು. ಅಮೆರಿಕದವರು ಒಂದು ಬಿಳಿ ಕಾರನ್ನು ಗಂಟೆಗಟ್ಟಲೆ ಡ್ರೋನ್‌ನಿಂದ ನೋಡಿ, ಅದರಲ್ಲಿ ಸ್ಫೋಟಕ ತುಂಬುತ್ತಿದ್ದಾರೆ ಅಂದುಕೊಂಡು ಕ್ಷಿಪಣಿ ಬಿಟ್ಟರು. ಸತ್ತವರು 10 ಜನ, ಅದರಲ್ಲಿ 7 ಮಕ್ಕಳು. ಕಾರಿಗೆ ತುಂಬಿದ್ದು ನೀರಿನ ಕ್ಯಾನು. ಅಲ್ಲಿ ನೋಡುತ್ತಿದ್ದವರು ಮನುಷ್ಯರೇ. ಅವರೇ ತಪ್ಪಿದ ಮೇಲೆ, ನೋಡೋದು, ತೀರ್ಮಾನ ಮಾಡೋದು, ಹೊಡೆಯೋದು ಎಲ್ಲ ಯಂತ್ರಕ್ಕೇ ಬಿಟ್ಟರೆ?

ನನ್ನ ಡ್ರೋನ್‌ನ ಎಣ್ಣೆ ಗಾಳಿಗೆ ಪಕ್ಕದ ಹೊಲಕ್ಕೆ ಹಾರಿದರೆ ಆ ಹೊಲದವರು ಸೀದಾ ನಮ್ಮ ಮನೆ ಬಾಗಿಲಿಗೆ ಬರ್ತಾರೆ. ಹಾರಿಸಿದವಳು ಯಾರು ಅಂತ ಅವರಿಗೆ ಗೊತ್ತು. ಯುದ್ಧದಲ್ಲಿ ಯಂತ್ರ ತಪ್ಪು ಮಾಡಿದರೆ ಆ ಸತ್ತವರ ಮನೆಯವರು ಯಾರ ಬಾಗಿಲಿಗೆ ಹೋಗಬೇಕು? ತಿಳಿದವರು ಹೇಳಿ.

ಮಾಜಿ ಸೈನಿಕ, ಕುಷ್ಟಗಿ

ತಂಗಿ, ನಿನ್ನ ತಮ್ಮ ಹೋಗಲಿ ಅಂತಲೇ ನಾನು ಹೇಳ್ತೀನಿ. ಬಾಂಬ್ ಇದೆಯೋ ಇಲ್ಲವೋ ನೋಡೋಕೆ ಮೊದಲು ಹುಡುಗರೇ ಹೋಗಬೇಕಿತ್ತು. ಈಗ ಡಿಆರ್‌ಡಿಒ ಮಾಡಿದ 'ದಕ್ಷ್' ರೋಬೋಟ್ ಇದೆ. ಅದು ಹೋಗಿ ಎತ್ತುತ್ತದೆ. ಒಡೆದರೆ ಕಬ್ಬಿಣ ಹೋಯಿತು, ಅಷ್ಟೇ. ಇಂಥ ಯಂತ್ರ ಎಷ್ಟು ಬಂದರೂ ನನಗೆ ಸಂತೋಷ.

ಆದರೆ ಒಂದು ಮಾತು. 2001ರಲ್ಲಿ ಸಂಸತ್ತಿನ ಮೇಲೆ ದಾಳಿ ಆದ ಮೇಲೆ ಪಶ್ಚಿಮ ಗಡಿ ಉದ್ದಕ್ಕೂ ಮೈನ್, ಅಂದರೆ ನೆಲಬಾಂಬ್ ಹೂತರು. ಪಂಜಾಬ್, ರಾಜಸ್ಥಾನದ ರೈತರ ಹೊಲಗಳಲ್ಲೂ ಹೂತರು. ಹೂಳುವಾಗ, ತೆಗೆಯುವಾಗ ನಮ್ಮವರೇ ಎಷ್ಟೋ ಜನ ಸತ್ತರು, ಕಾಲು ಕಳೆದುಕೊಂಡರು. ರೈತರದ್ದೂ ಅದೇ ಕಥೆ. ಮೈನ್‌ಗೆ ಯಾರು ತುಳಿದರು ಅಂತ ಗೊತ್ತಾಗಲ್ಲ. ಭಾರ ಬಿದ್ದರೆ ಒಡೀತದೆ. ಯಾರನ್ನೂ ಕೇಳದೆ ಕೊಲ್ಲುವ ಯಂತ್ರ ಹೊಸದೇನಲ್ಲ, ನಾವು ಅದನ್ನು ಕಂಡಿದ್ದೇವೆ. ಲಗಾಮು ಮನುಷ್ಯನ ಕೈಯಲ್ಲೇ ಇರಬೇಕು.

ಕೋಟೆ ಹುಡುಗ, ರಾಯಚೂರು

ಅಕ್ಕಾ, ನಾವು ಬೇಡ ಅಂದರೆ ಎದುರಿನವರು ಸುಮ್ನೆ ಇರ್ತಾರಾ? 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಡ್ರೋನ್‌ಗಳು ನೂರಾರು ಬಂದವು. ಅಷ್ಟೊಂದನ್ನು ಒಂದೊಂದೇ ನೋಡಿ ಹೊಡೆಯೋಕೆ ಮನುಷ್ಯನಿಗೆ ಆಗಲ್ಲ. 1520ರಲ್ಲಿ ನಮ್ಮ ರಾಯಚೂರು ಕೋಟೆಗೆ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಪೋರ್ಚುಗೀಸ್ ಬಂದೂಕುಗಾರರು ಅವನ ಕಡೆ ಇದ್ದರು. ಗೋಡೆ ಮೇಲೆ ತಲೆ ಎತ್ತಿದವರನ್ನು ದೂರದಿಂದಲೇ ಬೀಳಿಸಿದರು. ಕೋಟೆ ಕೈಗೆ ಬಂತು. ಹೊಸ ಆಯುಧ ಯಾವಾಗಲೂ ಬರ್ತದೆ, ತಡೆಯೋಕೆ ಆಗಲ್ಲ.

ಮೇಷ್ಟ್ರು, ಬಳ್ಳಾರಿ

ಬರುತ್ತಿರುವ ಡ್ರೋನನ್ನು ಹೊಡೆಯುವುದು ಬೇರೆ, ನಡೆದು ಹೋಗುವ ಮನುಷ್ಯನನ್ನು ಹೊಡೆಯುವುದು ಬೇರೆ. ಮೊದಲಿನದಕ್ಕೂ ಎಚ್ಚರ ಬೇಕು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದಲ್ಲಿ ಬರುವ ಕ್ಷಿಪಣಿಗಳನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಶತ್ರುವಿನ ಕ್ಷಿಪಣಿ ಅಂತ ಗುರುತಿಸಿತು. ಅದು ಮಿತ್ರರದೇ ವಿಮಾನ. ಇಬ್ಬರು ಸತ್ತರು. ಗುಂಡಿ ಒತ್ತೋಕೆ ಮನುಷ್ಯರಿದ್ದರು, ಯೋಚನೆ ಮಾಡೋಕೆ ಸಮಯ ಇರಲಿಲ್ಲ. ಹಾಗಾಗಿ "ಮನುಷ್ಯ ಇದ್ದಾನಲ್ಲ" ಅಂದರೆ ಸಾಲದು. ಅವನಿಗೆ ಬೇಡ ಅನ್ನುವಷ್ಟು ಸಮಯವೂ ಅಧಿಕಾರವೂ ಇರಬೇಕು.

1983ರ ಸೆಪ್ಟೆಂಬರ್ 26ರ ರಾತ್ರಿ ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಎದುರಿನ ಕಂಪ್ಯೂಟರ್, ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅಂತ ತೋರಿಸಿತು. ಆತ ನಂಬಲಿಲ್ಲ. ನಿಜವಾದ ದಾಳಿಯಾಗಿದ್ದರೆ ಬರೀ ಐದು ಯಾಕೆ ಬರ್ತವೆ ಅಂತ ಯೋಚಿಸಿದ. ಮೇಲಿನವರಿಗೆ ಸುಳ್ಳು ಎಚ್ಚರಿಕೆ ಅಂತಲೇ ವರದಿ ಮಾಡಿದ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು ಅಂತ ಆಮೇಲೆ ಗೊತ್ತಾಯಿತು.

ಇನ್ನು ಕಾನೂನು. ತಾನೇ ಗುರಿ ಆರಿಸಿ ಹೊಡೆಯುವ ಆಯುಧಗಳ ಬಗ್ಗೆ ಜಿನೀವಾದಲ್ಲಿ 2014ರಿಂದ ದೇಶಗಳ ಮಾತುಕತೆ ನಡೆದಿದೆ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಈ ಆಯುಧಗಳ ಬಗ್ಗೆ ಒಂದು ನಿರ್ಣಯ ಬಂತು. 152 ದೇಶ ಪರ, 4 ವಿರೋಧ. ಆ ನಾಲ್ಕರಲ್ಲಿ ಭಾರತವೂ ಒಂದು. ಈ ಚರ್ಚೆ ಜಿನೀವಾದಲ್ಲೇ ನಡೆಯಲಿ ಅನ್ನೋದು ನಮ್ಮ ಸರ್ಕಾರದ ವಾದ. ನನಗೆ ಅದು ಒಪ್ಪಿಗೆ ಆಗಿಲ್ಲ. ಜಿನೀವಾದಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ, ಒಬ್ಬರು ತಲೆ ಅಲ್ಲಾಡಿಸಿದರೂ ನಿಂತುಹೋಗುತ್ತದೆ.

ಗದ್ದೆ ಡ್ರೋನ್, ಸಿಂಧನೂರು

ಎಲ್ಲರಿಗೂ ಧನ್ಯವಾದ. ರಾಯಚೂರು ತಮ್ಮಾ, ಆ ಬಂದೂಕುಗಾರ ಎದುರಿನವನನ್ನು ತಾನೇ ನೋಡಿ ಹೊಡೆದ. ಕೊಂದದ್ದು ನಾನೇ ಅಂತ ಅವನಿಗೆ ಗೊತ್ತಿತ್ತು. ಅಷ್ಟಾದರೂ ಉಳಿಯಲಿ ಅಂತ ನಾನು ಕೇಳ್ತಿರೋದು. ಗಡಿ ಕಾಯಬೇಡಿ ಅಂತ ಅಲ್ಲ.

ಎಲ್ಲ ಉತ್ತರ ತಮ್ಮನಿಗೆ ಓದಿಸಿದೆ. ತುಂಬ ಹೊತ್ತು ಮಾತಾಡಿದೆವು, ಸ್ವಲ್ಪ ಜಗಳಾನೂ ಆಯಿತು. ಕೊನೆಗೆ ಅವನೇ ಕಂಪನಿಗೆ ಬರೆದ. ಸಿಗ್ನಲ್ ಕಡಿದು ಹೋದರೆ ಡ್ರೋನ್ ವಾಪಸ್ ಬರ್ತದಾ, ತಾನೇ ಹೊಡೀತದಾ? ಯಂತ್ರ ಗುರಿ ತೋರಿಸಿದ ಮೇಲೆ ಬೇಡ ಅನ್ನೋಕೆ ಮನುಷ್ಯನಿಗೆ ಎಷ್ಟು ಹೊತ್ತು ಕೊಡ್ತೀರಿ? ಚಿತ್ರ ಗುರುತು ಹಾಕುವವರಿಗೆ ಹಳ್ಳಿಯ ಸಾಮಾನು ಗೊತ್ತಿರಬೇಕು ಅನ್ನೋ ನಿಯಮ ಇದೆಯಾ? ಉತ್ತರ ಬರೋವರೆಗೆ ಸಹಿ ಮಾಡಲ್ಲ ಅಂತಿದ್ದಾನೆ. ಅಪ್ಪನಿಗೆ ನಾನೇ ಹೇಳ್ತೀನಿ. ಸಾಲದ ಕಂತು ಅಲ್ಲಿವರೆಗೆ ನನ್ನ ದುಡಿಮೆಯಲ್ಲಿ ನಡೀತದೆ.

ಕುಷ್ಟಗಿ ಅಣ್ಣಾ, ಮೇಷ್ಟ್ರೇ, ಮೈನ್ ಹುಡುಕುವ, ಬಾಂಬ್ ತೆಗೆಯುವ ಯಂತ್ರ ಮಾಡುವವರ ಹತ್ತಿರ ಕೆಲಸ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಅವನು ಜೂನ್‌ನಲ್ಲಿ ಪಾಸಾಗ್ತಾನೆ.